ಗೋಡೆಗೆ ಒರಗಿದ ಶಾಪು

ಭಾನುವಾರ ಬೆಳಿಗ್ಗೆ ಇಂಗ್ಲಿಷ್ ನಿಘಂಟು ಕೈಯಲ್ಲಿ ಹಿಡಿದು, ನಡುಮನೆಯಲ್ಲಿ ನಿಂತು ಘೋಷಿಸಿಯೇ ಬಿಟ್ಟೆ: "ಈ ಮನೆಯ ಟೈಲರ್ ಬಾಡಿಗೆ ಅಂಗಡಿಗೆ ಹೋಗಕೂಡದು!"

ಟೈಲರ್ ಎಂದರೆ ನನ್ನ ಹೆಂಡತಿ. ಅಡುಗೆಮನೆಯ ಮೂಲೆಯಿಂದ ಹೊಲಿಗೆ ಮಿಷನ್ನಿಗೆ ಬಿಡುಗಡೆ ಕೊಡಿಸಿ, ಬೀದಿ ತಿರುವಿನ ಖಾಲಿ ಕೋಣೆಗೆ ಒಯ್ಯಬೇಕೆಂಬುದು ಅವಳ ಬಹಳ ದಿನದ ಆಸೆ. ಅಂದು ಸಂಜೆಯೊಳಗೆ ಆ ಕೋಣೆಯವರಿಗೆ ಹೂಂ ಎನ್ನಬೇಕಿತ್ತು.

"ಶಾಪ್ ಅಂದ್ರೆ ಏನು ಗೊತ್ತಾ? ಹಳೇ ಇಂಗ್ಲಿಷಲ್ಲಿ, ಗೋಡೆಗೆ ಒರಗಿಸಿ ಕಟ್ಟಿದ ಚಪ್ಪರ! ಗಾಜಿನ ಬಾಗಿಲು, ಬೋರ್ಡು, ಬಾಡಿಗೆ ಎಲ್ಲಾ ಆಮೇಲೆ ಅಂಟಿದ ರೋಗ. ನಮಗೆ ಗೋಡೆ ಇದೆ, ನಾನಿದ್ದೀನಿ. ಸಂಜೆಯೊಳಗೆ ಶಾಪ್ ರೆಡಿ!"

"ನೀವಿರೋದೇ ನನಗೆ ಭಯ," ಎಂದಳು. "ಆಗ್ಲಿ. ಸಂಜೆಗೆ ನಾನು ಅದರೊಳಗೆ ಕೂತು ಹೊಲಿಯೋ ಹಾಗಿದ್ರೆ ಕೋಣೆ ಬೇಡ. ಇಲ್ದಿದ್ರೆ ನೀವು ತುಟಿಪಿಟಕ್ ಅನ್ನಬಾರದು."

ಹಿತ್ತಲ ಗೋಡೆಗೆ ಮರದ ಚೌಕಟ್ಟು ಒರಗಿಸಿದೆ. ಆಮೇಲೆ ಇಕ್ಕಟ್ಟಾದೀತೆಂದು ಮಿಷನ್ನನ್ನೂ, ಅದರ ಮೇಲಿದ್ದ ಪಕ್ಕದ ಮನೆ ನರ್ಸಮ್ಮನ ಬಿಳಿ ಕೋಟನ್ನೂ ಮೊದಲೇ ಒಳಗಿಟ್ಟೆ. ಹೊರಗೆ ಸುಡುಬಿಸಿಲು. ಒಳಗಿನಿಂದಲೇ ತಗಡು ಹೊಡೆದರೆ ನೆರಳಿಗೆ ನೆರಳು, ಕೆಲಸಕ್ಕೆ ಕೆಲಸ! ಬುದ್ಧಿವಂತ ಎಂದರೆ ನಾನು! ಕೊನೆಯ ತಗಡಿನ ಕೊನೆಯ ಮೊಳೆ ಇಳಿದದ್ದೇ ತಡ, ಸುತ್ತ ಗವ್ವೆನ್ನುವ ಕತ್ತಲು. ನೆಲದ ಬಳಿ ಒಂದು ಸಂದಿನಲ್ಲಿ ಮಾತ್ರ ಬೆಳಕು. ಮೊಳೆ ಕೀಳುವ ಇಕ್ಕಳ ಹೊರಗೆ ಮೆಟ್ಟಿಲ ಮೇಲೆ ಆರಾಮವಾಗಿ ಮಲಗಿತ್ತು.

"ಯಾಕ್ರೀ, ಸದ್ದೇ ಇಲ್ಲ?" ಹೆಂಡತಿಯ ದನಿ.

"ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡ್ತಿದ್ದೀನಿ!"

"ನಾನು ಎಲ್ಲಿಂದ ಒಳಗೆ ಬರಲಿ?"

"ಅದು... ಎರಡನೇ ಹಂತದ ಕೆಲಸ!"

ಅಷ್ಟರಲ್ಲಿ ನರ್ಸಮ್ಮ ಬಂದರು. "ನನ್ನ ಕೋಟು ಆಯ್ತಾ? ಡ್ಯೂಟಿಗೆ ಹೊತ್ತಾಯ್ತು."

"ಆಗಿದೆ ನರ್ಸಮ್ಮ. ನಿಮ್ಮ ಕೋಟು, ನನ್ನ ಮಿಷನ್ನು, ನಮ್ಮ ಯಜಮಾನ್ರು, ಮೂರೂ ಒಳಗಿವೆ. ಮೊದಲೆರಡು ಅರ್ಜೆಂಟು."

ಮೈಯೆಲ್ಲ ಉರಿದುಹೋಯಿತು. ಕೋಟನ್ನು ಸಂದಿನಿಂದ ಹೊರಗೆ ತಳ್ಳಿ, "ನೋಡಿ, ವ್ಯಾಪಾರ ಶುರು!" ಎಂದು ಗರ್ಜಿಸಿದೆ.

"ಅಯ್ಯೋ, ಬಿಳಿ ಕೋಟು ಪೂರ್ತಿ ಮಣ್ಣು!" ನರ್ಸಮ್ಮ ಕಿರುಚಿದರು.

"ಹಳೇ ಕಾಲದ ಶಾಪಲ್ಲಿ ಅಷ್ಟು ಮಣ್ಣು ಇದ್ದೇ ಇರ್ತಿತ್ತು!"

ನರ್ಸಮ್ಮ ಗೊಣಗುತ್ತ ಹೋದರು. ಅವರ ಹಿಂದೆಯೇ ಇನ್ನೊಂದು ಜೊತೆ ಚಪ್ಪಲಿಯ ಸದ್ದು ಹೊರಟಿತು.

"ಏ, ಎಲ್ಲಿಗೆ?"

"ಕೋಣೆಯವರಿಗೆ ಹೂಂ ಅಂದು ಬರ್ತೀನಿ."

"ಮೊದಲು ಇಕ್ಕಳ ಕೊಡು!"

"ಮೊದಲು ಸೋತೆ ಅನ್ನಿ."

"ಪ್ರಾಣ ಹೋದ್ರೂ ಅನ್ನಲ್ಲ! ಶಾಪ್ ಅಂದ್ರೆ ಇದೇ! ನಿಘಂಟಲ್ಲೇ ಇದೆ!"

ಸಂದಿನಿಂದ ಏನೋ ಒಳಗೆ ಸರಿಯಿತು. ಗೆದ್ದೆ ಎಂದು ಕೈ ಚಾಚಿದೆ. ಸಿಕ್ಕಿದ್ದು ನಿಘಂಟು!

"ನಿಮ್ಮ ಅರ್ಥ ಸರಿಯಾಗೇ ಇದೆ ಕಣ್ರೀ," ಎಂದಳು. "ನಾನು ಬರೋಷ್ಟರಲ್ಲಿ ಡೋರ್ ಅಂದ್ರೆ ಏನು ಅಂತಲೂ ಓದ್ಕೊಂಡಿರಿ. ಬೆಳಕು ಸಾಲುತ್ತಲ್ವಾ?"