ಜೋಡಿಸಿದರೆ ಉಳಿಯದ ಆರು ವೋಲ್ಟ್

ಕೆ.ಆರ್.ಪುರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಅಲ್ಲೊಂದು ಪುಟ್ಟ ಪ್ರಯೋಗವಿದೆ. ಸಮನಾದ ಎರಡು ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ ಹನ್ನೆರಡು ವೋಲ್ಟ್ ಕೊಟ್ಟರೆ ನಡುವೆ ಆರು ಸಿಗುತ್ತದೆ. ಸಿಕ್ಕಿತಲ್ಲ ಎಂದು ಅದಕ್ಕೆ ಏನಾದರೂ ಲೋಡ್, ಅಂದರೆ ಕರೆಂಟ್ ಎಳೆಯುವ ವಸ್ತು, ಜೋಡಿಸಿದಿರೋ, ಆರು ಇಳಿದೇ ಇಳಿಯುತ್ತದೆ. ವರ್ಷ ವರ್ಷವೂ ಯಾರಾದರೊಬ್ಬರು ಅದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ, ನನಗಂತೂ ನಗುವಿಗೆ ಬರವಿಲ್ಲ.

ಸರಿಯುತ್ತರ

ಒಬ್ಬ ವಿದ್ಯಾರ್ಥಿಯ ರೀಡಿಂಗ್ ಲೋಡ್ ಹಾಕುವ ಮೊದಲೂ ಆರು, ಹಾಕಿದ ಮೇಲೂ ಆರು. ಉಳಿದವರಿಗೆಲ್ಲ ಹಾಕಿದ ಮೇಲೆ ನಾಲ್ಕು ಬಂದಿತ್ತು.

"ಲೋಡ್ ಎಲ್ಲಪ್ಪಾ?" ಎಂದೆ.

ಜೇಬಿನಿಂದ ಒಂದು ರೆಸಿಸ್ಟರ್ ತೆಗೆದು ತೋರಿಸಿದ. "ಹಾಕಿದ್ರೆ ಆನ್ಸರ್ ತಪ್ಪು ಬರ್ತಿತ್ತು ಮೇಡಂ. ಅದಕ್ಕೇ ತೆಗೆದಿಟ್ಬಿಟ್ಟೆ."

ಎರಡು ಮೀಟರ್

ನಮ್ಮ ಲ್ಯಾಬಿನ ಹಳೆಯ ಮುಳ್ಳಿನ ಮೀಟರ್‌ಗಳು ಅಳೆಯುವಾಗ ತಾವೂ ಒಂದಿಷ್ಟು ಕರೆಂಟ್ ಕುಡಿಯುತ್ತವೆ. ಅಂದರೆ ಮೀಟರೂ ಒಂದು ಲೋಡೇ. ಶಿವಾಜಿನಗರದವನೊಬ್ಬ, ಮಾರತ್ತಹಳ್ಳಿಯವನೊಬ್ಬ, ಇಬ್ಬರೂ ಒಂದೇ ಕಡೆ ತಂತಮ್ಮ ಮೀಟರ್ ಹಚ್ಚಿದರು.

"ನಿನ್ ಮೀಟರ್ ತೆಗಿ ಮಗಾ, ನಂದು ಇಳೀತಿದೆ!"

"ಅರೇ ಯಾರ್, ನಿಂದು ತೆಗಿ, ನಂದೂ ಇಳೀತಿದೆ!"

ಬಿಡಿಸಲು ಹೋದೆ, ನೋಡಿದರೆ ಇಬ್ಬರ ಮಾತೂ ನಿಜ. ಕೊನೆಗೆ ಸರದಿಯ ಮೇಲೆ ಅಳೆದರು. ಒಬ್ಬ ಅಳೆಯುವಾಗ ಇನ್ನೊಬ್ಬ ತನ್ನ ಮೀಟರನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ. ಬೆನ್ನ ಹಿಂದೆ ಯಾಕೋ ಎಂದರೆ, "ಸೇಫ್ಟಿಗೆ ಮೇಡಂ" ಎಂದ.

ಅತ್ತೆಯ ರೇಡಿಯೋ

ಇದು ಹಲಸೂರಿನ ನಮ್ಮ ಮನೆಯದು. ಅತ್ತೆಯ ತಂಗಿ ಮೊದಲ ಸಲ ರೇಡಿಯೋದಲ್ಲಿ ಹಾಡುವವರಿದ್ದರು, ಸಂಜೆ ನಾಲ್ಕಕ್ಕೆ. ಅತ್ತೆ ಬೆಳಿಗ್ಗೆಯಿಂದ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಮೂರೂವರೆಗೆ ರೇಡಿಯೋದ ಆರು ವೋಲ್ಟಿನ ಅಡಾಪ್ಟರ್ ಸುಟ್ಟುಹೋಯಿತು.

"ಮೊಬೈಲಲ್ಲಿ ಹಾಕ್ಕೊಡ್ಲಾ ಅತ್ತೆ?"

"ಅವ್ಳು ಹಾಡ್ತಿರೋದು ರೇಡಿಯೋದಲ್ಲಿ. ನೀನು ಇದನ್ನೇ ಅಲ್ವಾ ಕಾಲೇಜಲ್ಲಿ ಹೇಳ್ಕೊಡೋದು? ಮಾಡು."

ಮಾನದ ಪ್ರಶ್ನೆ. ವೈಫೈ ಡಬ್ಬಿಯ ಹನ್ನೆರಡು ವೋಲ್ಟಿನ ಅಡಾಪ್ಟರ್ ಕಿತ್ತೆ, ಎರಡು ರೆಸಿಸ್ಟರ್ ಸೇರಿಸಿದೆ. ಮೀಟರ್ ಸರಿಯಾಗಿ ಆರು ತೋರಿಸಿತು. ಅತ್ತೆಯ ಮುಖ ಅರಳಿತು. ರೇಡಿಯೋ ಜೋಡಿಸಿದೆ. ಅದು ಒಮ್ಮೆ ಗೊರ್ ಎಂದು ಸತ್ತಿತು. ರೇಡಿಯೋದ ತಂತಿ ಬಿಚ್ಚಿದರೆ ಮತ್ತೆ ಆರು.

"ಆರು ಬರ್ತಿದೆಯಲ್ಲೇ?"

"ರೇಡಿಯೋ ಹಾಕಿದ್ರೆ ಇಳಿಯತ್ತೆ ಅತ್ತೆ. ಅದಕ್ಕೂ ಕರೆಂಟು ಮೊದಲ್ನೇ ರೆಸಿಸ್ಟರ್ ಮೂಲಕಾನೇ ಬರ್ಬೇಕು. ಜಾಸ್ತಿ ಎಳೆದಷ್ಟೂ ವೋಲ್ಟೇಜ್ ಅಲ್ಲೇ ಬಿದ್ದೋಗತ್ತೆ."

"ಅಂದ್ರೆ ರೇಡಿಯೋ ಇಲ್ದಿದ್ರೆ ಸರಿಯಾಗಿ ಕೆಲ್ಸ ಮಾಡುತ್ತೆ."

ಗಡಿಯಾರ ನಾಲ್ಕರ ಹತ್ತಿರ ಬಂದಿತ್ತು. ಅತ್ತೆಯ ಕಣ್ಣು ತುಂಬಿತು. ಅಷ್ಟರಲ್ಲಿ ಅತ್ತೆ ಸೀರೆಯ ನೆರಿಗೆ ಹಿಡಿದು ದಡದಡನೆ ಎದುರುಮನೆಗೆ ನಡೆದರು. ಅಲ್ಲೂ ಒಂದು ರೇಡಿಯೋ ಇದೆ.

ಅರ್ಧ ಗಂಟೆಯ ಮೇಲೆ ಹಾಡು ಗುನುಗುತ್ತಾ ಬಂದರು.

"ಕೇಳಿಸ್ತಾ ಅತ್ತೆ?" ಎಂದೆ, ಅಂಜುತ್ತಲೇ.

"ಒಂದಕ್ಷರ ಬಿಡದೆ ಕೇಳಿಸ್ತು. ಪಾಪ, ಅವ್ರ ಮನೇಲಿ ಯಾರೂ ಎಲೆಕ್ಟ್ರಾನಿಕ್ಸ್ ಓದಿಲ್ವಂತೆ. ಹಚ್ಚಿದ ತಕ್ಷಣ ಹಾಡ್ಬಿಡ್ತು!"