ಮಹಡಿ ಕೋಣೆಯ ಪರವಾನಗಿ

ನನ್ನ ಅಕ್ಷರ ಮುದ್ದಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ಡಾಕ್ಟರ ಮುಂದೆ ಕಾಯಿಲೆ ಹೇಳಿಕೊಳ್ಳುತ್ತಾರಲ್ಲ, ಹಾಗೆ ಹೇಳಿಕೊಳ್ಳುತ್ತಿದ್ದೇನೆ. ನನ್ನದೇ ಮನೆಯಲ್ಲಿ ನಾನು ನೆಲೆ ಕಳೆದುಕೊಂಡದ್ದು ಈ ಕಾಯಿಲೆಯಿಂದಲೇ.

ನಮ್ಮ ಮನೆಗೆ ಮಹಡಿಯ ಮೇಲೆ ಒಂದೇ ಕೋಣೆ. ಅದರಲ್ಲೊಂದು ಮಂಚ, ಒಂದು ಮೇಜು, ಕಿಟಕಿಯ ಪಕ್ಕ ಒಂದು ಆರಾಮಕುರ್ಚಿ. ಭಾನುವಾರ ಊಟ ಮುಗಿಸಿ, ಎರಡು ಗಂಟೆಗೆ ಆ ಕುರ್ಚಿಯಲ್ಲಿ ಒರಗಿ, ಪತ್ರಿಕೆಯನ್ನು ಮುಖಕ್ಕೆ ಹೊದ್ದುಕೊಂಡು ದೇಶದ ಸಮಸ್ಯೆಗಳ ಬಗ್ಗೆ ಆಲೋಚಿಸುವುದು (ಹೆಂಡತಿ ಇದನ್ನು ಗೊರಕೆ ಎನ್ನುತ್ತಾಳೆ) ನನ್ನ ಇಪ್ಪತ್ತು ವರ್ಷಗಳ ತಪಸ್ಸು.

ಆ ತಪಸ್ಸನ್ನು ಕೆಡಿಸಲು ಅಪ್ಸರೆ ಬರಲಿಲ್ಲ. ಹೆಂಡತಿ ಬಂದಳು.

"ರೀ, ಮೇಲಿನ ಕೋಣೆ ಸುಮ್ನೆ ಬಿದ್ದಿದೆ."

"ಸುಮ್ನೆ ಎಲ್ಲಿ? ನಾನು ಬಿದ್ದಿರ್ತೀನಲ್ಲ."

"ಅದನ್ನೇ ಹೇಳಿದ್ದು."

ವಿಷಯ ಇಷ್ಟು. ಅವಳ ಅಕ್ಕ ತನ್ನ ಮನೆಯ ಹಿಂದಿನ ಕೋಣೆಯನ್ನು ಪ್ರವಾಸಿಗಳಿಗೆ ಎರಡು ದಿನ, ಮೂರು ದಿನ ಎಂದು ಬಾಡಿಗೆಗೆ ಕೊಟ್ಟು ಹೊಸ ಫ್ರಿಜ್ ಕೊಂಡಿದ್ದಳು. ಅಕ್ಕನ ಫ್ರಿಜ್ಜಿನ ತಂಪಿಗೆ ತಂಗಿಯ ಹೊಟ್ಟೆ ಉರಿಯುತ್ತಿತ್ತು.

"ಹಾಗೆಲ್ಲ ಬಾಡಿಗೆಗೆ ಕೊಡೋಕೆ ಆಗಲ್ಲ ಕಣೇ. ಪುರಸಭೆಯ ಪರವಾನಗಿ ಬೇಕು. ಬಂದವರ ತಲೆಗಿಷ್ಟು ಅಂತ ವಾಸ್ತವ್ಯ ತೆರಿಗೆ ಬೇರೆ," ಎಂದು ಹೆದರಿಸಿದೆ.

"ಅದಕ್ಕೇ ನೀವಿದ್ದೀರಲ್ಲ. ಅರ್ಜಿ ನೀವೇ ತುಂಬಿ."

ಮರುದಿನ ಆಫೀಸಿನಲ್ಲಿ ನನ್ನ ಗೆಳೆಯನಾದ ಕ್ಯಾಷಿಯರ್ ಮುಂದೆ ಗೋಳು ಹೇಳಿಕೊಂಡೆ. ಅವನು ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಉಪದೇಶ ಮಾಡಿದ: "ಬೇಡ ಅನ್ನಬೇಡ ಮಾರಾಯ. ಆಯ್ತು ಅನ್ನು. ಅರ್ಜಿಯಲ್ಲಿ ಎರಡು ತಪ್ಪು ಮಾಡು, ವಾಪಸ್ ಬರುತ್ತೆ. ತಿದ್ದಿ ಕಳಿಸು, ತಿದ್ದುವಾಗ ಮೂರು ತಪ್ಪು ಮಾಡು. ನನ್ನ ಹೆಂಡತಿಯ ಹೊಲಿಗೆ ಅಂಗಡಿ ಹೀಗೇ ಆರು ವರ್ಷದಿಂದ 'ಪರಿಶೀಲನೆಯಲ್ಲಿದೆ'."

ಇಂಥ ಮಹಾನುಭಾವರು ಕ್ಯಾಷಿಯರಾಗಿ ಕೊಳೆಯುತ್ತಿದ್ದಾರಲ್ಲ ಎಂದು ಮರುಗುತ್ತಾ ಅರ್ಜಿ ನಮೂನೆ ತಂದೆ. ಹದಿನಾಲ್ಕು ಪುಟ. ತಪ್ಪು ಮಾಡಲು ಎಷ್ಟೊಂದು ಜಾಗ!

ಆದರೆ ನಾನು ಕಾನ್ವೆಂಟಿನಲ್ಲಿ ಓದಿದವನು. ನಮ್ಮ ಕಾಪಿ ಬರಹದ ಸಿಸ್ಟರ್ ತೀರಿಕೊಂಡು ಎಷ್ಟೋ ಕಾಲವಾಯಿತು, ಅವರ ರೂಲುದೊಣ್ಣೆ ಮಾತ್ರ ಇವತ್ತಿಗೂ ನನ್ನ ಬೆರಳ ಗೆಣ್ಣುಗಳ ಮೇಲೆ ಹಾರಾಡುತ್ತಿದೆ. 'ಮನೆ ಕಟ್ಟಿದ ವರ್ಷ' ಎಂಬಲ್ಲಿ ಬೇಕೆಂದೇ ತಪ್ಪು ಬರೆದೆ. ಬೆವರು ಕಿತ್ತುಕೊಂಡು ಬಂತು. ಗೀಟು ಹಾಕಿ ಸರಿಮಾಡಿದೆ. ಚಿತ್ತಾಯಿತು. ಚಿತ್ತು ಕಂಡ ಮೇಲೆ ಚಿತ್ತಕ್ಕೆಲ್ಲಿಯ ನೆಮ್ಮದಿ? ಅರ್ಧ ದಿನ ರಜೆ ಹಾಕಿ ಹೊಸ ನಮೂನೆ ತಂದೆ.

ಈ ಸಲ ತಪ್ಪುಗಳನ್ನು ಕೊನೆಯ ಪುಟಕ್ಕೆ ಮೀಸಲಿಡೋಣ ಎಂದುಕೊಂಡು ಬರೆಯುತ್ತಾ ಹೋದೆ. ಕಲಂ ಹನ್ನೊಂದು ಬಂತು: 'ಕೋಣೆಯ ವಿವರಣೆ.' ಬೇರೆಯವರಾದರೆ ಹತ್ತಕ್ಕೆ ಹನ್ನೆರಡು ಅಡಿ ಎಂದು ಬರೆದು ಮುಂದೆ ಹೋಗುತ್ತಿದ್ದರು. ನಾನು ಇಪ್ಪತ್ತು ವರ್ಷ ಪ್ರೀತಿಸಿದ ಕೋಣೆ ಅದು! ಎರಡು ಗಂಟೆಯ ಹೊತ್ತಿಗೆ ಬಿಸಿಲು ಹೇಗೆ ಕಿಟಕಿಯ ಅಂಚಿಗೇ ನಿಂತು ಒಳಗೆ ಬರಲು ಸಂಕೋಚಪಡುತ್ತದೆ, ಬೀದಿಯ ಸದ್ದು ಮೆಟ್ಟಿಲು ಹತ್ತುವಷ್ಟರಲ್ಲಿ ಹೇಗೆ ಸುಸ್ತಾಗಿ ಜೋಗುಳವಾಗುತ್ತದೆ ಎಂದೆಲ್ಲ ಬರೆದೆ. ಜಾಗ ಸಾಲದೆ ಹೆಚ್ಚುವರಿ ಹಾಳೆ ಅಂಟಿಸಿದೆ. ಕಲಂ ಹನ್ನೆರಡು, 'ಪೀಠೋಪಕರಣಗಳ ಪಟ್ಟಿ.' ಆರಾಮಕುರ್ಚಿಯನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಪಟ್ಟಿ ಅಪೂರ್ಣವಾಗುವುದಿಲ್ಲವೇ? ಬರೆದೆ. ಕೊನೆಯ ಪುಟ ಬಂದಾಗ, ಅಷ್ಟು ಚಂದದ ಹದಿಮೂರು ಪುಟಗಳ ಕೊನೆಗೆ ತಪ್ಪು ಬರೆಯುವುದು ಮಗುವಿನ ಕೆನ್ನೆಗೆ ಹೊಡೆದಂತಾದೀತು ಎನಿಸಿತು. ಅದೂ ಸರಿಯಾಗಿಯೇ ಹೋಯಿತು.

ಇರಲಿ, ಪುರಸಭೆ ಇದೆಯಲ್ಲ, ಅದು ನನ್ನ ಕೈಬಿಡದು ಎಂಬ ಭರವಸೆಯಿಂದ ಅರ್ಜಿ ಒಯ್ದೆ.

ಪರವಾನಗಿ ವಿಭಾಗದ ಮೇಲ್ವಿಚಾರಕಿ ದಣಿದ ಮುಖದ ಹೆಂಗಸು. ಮೊದಲ ಪುಟ ತಿರುವಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಲಂ ಹನ್ನೊಂದಕ್ಕೆ ಬಂದಾಗ ಪಕ್ಕದ ಮೇಜಿನವರನ್ನು ಕರೆದು ಗಟ್ಟಿಯಾಗಿ ಓದಿದರು.

"ಸಾರ್, ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದೂ ಚಿತ್ತಿಲ್ಲದ ಅರ್ಜಿ ಇದೇ ಮೊದಲು!"

"ಇಲ್ಲ ಮೇಡಂ, ಏನಾದ್ರೂ ತಪ್ಪಿರುತ್ತೆ. ಇನ್ನೊಂದ್ಸಲ ನೋಡಿ," ಎಂದು ಅಂಗಲಾಚಿದೆ.

"ಎಂಥ ವಿನಯ!" ಎಂದು ಮೊಹರು ಒತ್ತಿಯೇ ಬಿಟ್ಟರು.

ಅಗ್ನಿಶಾಮಕದವರಾದರೂ ತಕರಾರು ತೆಗೆದಾರೆಂದು ಕಾದೆ. ಅವರು ಬಂದು ಒಂದು ಬಕೆಟ್ ಮರಳು ಇಡಿ ಎಂದು ಹೇಳಿ ಹೋದರು. ಒಂಬತ್ತನೆಯ ದಿನ ಪರವಾನಗಿ ಮನೆಗೆ ಬಂತು. ಅದರಲ್ಲಿದ್ದ 'ನಗಿ' ಹೆಂಡತಿಗೆ ಹೋಯಿತು, ನನಗೆ ಉಳಿದದ್ದು 'ಪರ'ದಾಟ.

ಕುರ್ಚಿಯನ್ನಾದರೂ ಕೆಳಗಿಳಿಸೋಣ ಎಂದು ಹೊತ್ತುಕೊಂಡೆ. ಮೂರನೆಯ ಮೆಟ್ಟಿಲಲ್ಲಿ ಹೆಂಡತಿ ಪರವಾನಗಿ ಹಿಡಿದು ಅಡ್ಡ ನಿಂತಳು.

"ಷರತ್ತು ಏಳು. ಪಟ್ಟಿಯಲ್ಲಿ ನಮೂದಾದ ಪೀಠೋಪಕರಣ ಕೋಣೆಯಿಂದ ಆಚೆ ಹೋಗಬಾರದು. ಬರೆದವರು ಯಾರು?"

ಬರೆದವರು ಕುರ್ಚಿಯನ್ನು ಮತ್ತೆ ಮೇಲೆ ಹೊತ್ತರು.

ಮೊದಲ ಅತಿಥಿ ಶನಿವಾರವೇ ಬಂದರು. ಬಾಗಿಲು ತೆರೆದರೆ, ಕೈಯಲ್ಲಿ ಸಣ್ಣ ಚೀಲ ಹಿಡಿದು ಅದೇ ಮೇಲ್ವಿಚಾರಕಿ!

"ಮೇಡಂ, ತಾವು ಇದೇ ಊರಿನವರಲ್ವೇ?"

"ಹೌದು ಸಾರ್, ಮೂರು ಬೀದಿ ಆಚೆ. ಮನೇಲಿದ್ರೆ ಮಕ್ಕಳು, ಅತ್ತೆ, ಯಜಮಾನ್ರು... ರಜೆ ಅಂತ ಅನ್ಸೋದೇ ಇಲ್ಲ. ಕಲಂ ಹನ್ನೊಂದು ಓದಿದ ದಿನವೇ ತೀರ್ಮಾನ ಮಾಡ್ದೆ, ಎರಡು ದಿನ ಇಲ್ಲಿ ಬಂದು ನಿದ್ದೆ ಮಾಡ್ಬೇಕು ಅಂತ."

ಭಾನುವಾರ ಎರಡು ಗಂಟೆಗೆ, ಮೇಲಿನಿಂದ ದೇಶದ ಸಮಸ್ಯೆಗಳನ್ನು ಆಲೋಚಿಸುವ ಸದ್ದು ಕೇಳಿಸಿತು. ನಾನು ಕೆಳಗೆ ಊಟದ ಮೇಜಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. (ಆ ಕುರ್ಚಿಯಲ್ಲಿ ದೇಶದ ಸಮಸ್ಯೆ ಇರಲಿ, ಬೀದಿಯ ಸಮಸ್ಯೆಯನ್ನೂ ಆಲೋಚಿಸಲಾಗದು.)

ಅವರು ಹೋಗಿ ಪುರಸಭೆಯಲ್ಲೆಲ್ಲ ಹೊಗಳಿದರು. ಲೆಕ್ಕ ವಿಭಾಗದವರು ಬಂದರು, ನೀರು ವಿಭಾಗದವರು ಬಂದರು. ತೆರಿಗೆ ವಿಭಾಗದವರು ಬಂದು ತಮ್ಮ ತೆರಿಗೆಯನ್ನು ತಾವೇ ಕಟ್ಟಿ ಹೋದರು. ತೆರಿಗೆಗೂ ಹೆರಿಗೆಗೂ ಒಂದೇ ಅಕ್ಷರದ ವ್ಯತ್ಯಾಸ. ಎರಡರಲ್ಲೂ ನೋವು ಒಬ್ಬರದು, ಸಂಭ್ರಮ ಬೇರೆಯವರದು. ಇಲ್ಲಿ ಸಂಭ್ರಮವೆಲ್ಲ ಹೊಸ ಫ್ರಿಜ್ಜಿನ ರೂಪದಲ್ಲಿ ಅಡುಗೆಮನೆ ಸೇರಿತು. ಅಕ್ಕನದಕ್ಕಿಂತ ಒಂದು ಬಾಗಿಲು ಹೆಚ್ಚಿನದು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಕೋಣೆ ಖಾಲಿ ಇತ್ತು. ಊಟವಾದದ್ದೇ ಪತ್ರಿಕೆಯನ್ನು ಬಗಲಲ್ಲಿ ಅಡಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಹೆಂಡತಿ ಅತಿಥಿಗಳ ರಿಜಿಸ್ಟರ್ ಹಿಡಿದು ನಿಂತಿದ್ದಳು.

"ಬರೆದು ಒಳಗೆ ಹೋಗಿ."

"ನನ್ನ ಮನೇಲಿ ನಾನೇ ಅತಿಥಿಯೇನೇ?"

"ತಪಾಸಣೆಗೆ ಬಂದ್ರೆ ನಾನು ಏನಂತ ಹೇಳ್ಲಿ? ಕೋಣೇಲಿ ಮಲಗಿದವರೆಲ್ಲ ರಿಜಿಸ್ಟರಲ್ಲಿ ಇರ್ಬೇಕು ಅಂತಿದೆ." ಪೆನ್ನು ಕೊಡುತ್ತಾ ನಕ್ಕಳು. "ನಿಮ್ಮ ಕ್ಯಾಷಿಯರ್ ಕೊಟ್ಟ ಐಡಿಯಾ ಅವರ ಹೆಂಡತಿ ನನಗೆ ಅವತ್ತೇ ಹೇಳಿದ್ರು. ತುಂಬ ಹೆದರಿದ್ರು ಪಾಪ. ನಾನಂದೆ, ಚಿಂತೆ ಬಿಡಿ ಕಣ್ರೀ, ನಮ್ಮವರ ಕೈಲಿ ತಪ್ಪು ಬರೆಯೋಕೆ ಆಗಲ್ಲ."

"ಅವರಿಗೆ ಹೇಗೆ ಗೊತ್ತಾಯ್ತು?"

"ಅವರ ಯಜಮಾನ್ರು ನಿದ್ದೇಲಿ ಬಡಬಡಿಸಿದ್ರಂತೆ. ಹೋದ ತಿಂಗಳು ನಾನು ಹೇಳ್ದೆ ಅಂತ ನೀವೊಂದು ಹೊಲಿಗೆ ಅಂಗಡಿ ಅರ್ಜಿ ತುಂಬಿಕೊಟ್ರಲ್ಲ? ಅದು ಅವರದೇ. ಮಂಜೂರಾಯ್ತಂತೆ."

ಸೋಮವಾರ ಕ್ಯಾಷಿಯರ್ ಮುಖವನ್ನು ಹೇಗೆ ನೋಡುವುದು ಎಂಬ ಚಿಂತೆಯಲ್ಲೇ ಪೆನ್ನಿನ ಮುಚ್ಚಳ ತೆಗೆದೆ. ಎಲ್ಲಿಂದ ಬಂದಿರಿ? ಕೆಳಗಿನಿಂದ. ಎಲ್ಲಿಗೆ ಹೋಗುವಿರಿ? ಕೆಳಕ್ಕೆ. ಮನೆಯವರೊಂದಿಗೆ ಸಂಬಂಧ? ಗಂಡ. ಬಂದ ಉದ್ದೇಶ? ದೇಶದ ಸಮಸ್ಯೆಗಳು. ಹೊರಡುವ ಸಮಯ?

"ಮೂರೂವರೆ ಅಂತ ಬರೀರಿ. ನಾಲ್ಕಕ್ಕೆ ಬೇರೆಯವರು ಬರ್ತಾರೆ."

ಬರೆದೆ. ಅವಳು ರಿಜಿಸ್ಟರನ್ನು ಬೆಳಕಿಗೆ ಹಿಡಿದು ನೋಡಿ, "ಏನೇ ಹೇಳಿ, ಅಕ್ಷರ ಮಾತ್ರ ಮುತ್ತು ಕಣ್ರೀ," ಎಂದಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ಹಿಗ್ಗಿಹೋದೆ. ಆ ಹಿಗ್ಗಿನಲ್ಲೇ ಜೇಬಿಗೆ ಕೈ ಹಾಕಿ ಒಂದು ತಲೆಯ ವಾಸ್ತವ್ಯ ತೆರಿಗೆ ಕಟ್ಟಿ, ರಸೀದಿಯನ್ನೂ ನಾನೇ ಬರೆದುಕೊಂಡೆ.

ಒಂದೂ ಚಿತ್ತಿರಲಿಲ್ಲ.