ಬೆಣ್ಣೆ ಬಣ್ಣದ ಮೆತ್ತೆ

ಬಿಸಿ ಪಾತ್ರೆಯನ್ನು ಎಲ್ಲಿ ಇಡಬಾರದು ಎಂದು ಯಾರೂ ಮುಂಚೆ ಹೇಳುವುದಿಲ್ಲ. ಇಟ್ಟ ಮೇಲೆ ಎಲ್ಲರೂ ಹೇಳುತ್ತಾರೆ. ಕರ್ಟಿಸ್ ಇಟ್ಟದ್ದು ಮಾವನ ದೋಣಿಯ ಮೆತ್ತೆಯ ಮೇಲೆ.

ಪಾತ್ರೆಯಲ್ಲಿದ್ದದ್ದು ಪಕ್ಕದ ಮನೆಯ ಮಾರ್ಲಿಸ್ ಕೊಟ್ಟ ಹಾಟ್‌ಡಿಶ್. ಕೆಳಗೆ ಕೊಚ್ಚಿದ ಮಾಂಸ, ಮೇಲೆ ಆಲೂಗಡ್ಡೆ. ನಡುವೆ ಏನಿದೆ ಎಂದು ಕೇಳುವ ಪದ್ಧತಿ ಟಾಮರ್ಯಾಕ್ ಕೆರೆಯ ದಂಡೆಯಲ್ಲಿ ಇಲ್ಲ. ಹೆಂಡತಿ ಊರಲ್ಲಿಲ್ಲದ ಬೆಳಿಗ್ಗೆ, ದೋಣಿಯಲ್ಲಿ ಕೂತೇ ತಿನ್ನೋಣವೆಂದು ಓವನ್ನಿಂದ ತೆಗೆದದ್ದನ್ನು ಹಾಗೇ ಒಯ್ದು ಸೀಟಿನ ಮೇಲಿಟ್ಟು, ಚಮಚ ತರಲು ಮನೆಗೆ ಹೋದ. ಬರುವಷ್ಟರಲ್ಲಿ ರೆಕ್ಸಿನ್ ಕರಗಿ ಪಾತ್ರೆಯ ತಳಕ್ಕೆ ಅಂಟಿತ್ತು. ಎತ್ತಿದರೆ ಎರಡೂ ಒಟ್ಟಿಗೇ ಬಂದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆ ಪಾಂಟೂನ್ ದೋಣಿ ಅಂಥ ದೊಡ್ಡ ವಸ್ತುವೇನಲ್ಲ. ಎರಡು ಉದ್ದನೆಯ ತಗಡಿನ ಕೊಳವೆ, ಅದರ ಮೇಲೊಂದು ಜಗಲಿ, ಜಗಲಿಯ ಸುತ್ತ ಸೀಟು. ಆದರೆ ಮದುವೆಯಾದಂದಿನಿಂದ ಆ ಜಗಲಿಯ ಮೇಲೆ ಕರ್ಟಿಸ್‌ಗೆ ಸಿಕ್ಕಿದ್ದು ಲಂಗರು ಎತ್ತುವ ಕೆಲಸ ಮಾತ್ರ. ಈ ಬೇಸಿಗೆಯಲ್ಲಿ ಮಾವ ಆರ್ವಿಡ್ ಕಣ್ಣಿನ ಪೊರೆ ತೆಗೆಸಲು ಡುಲೂತ್‌ಗೆ ಹೊರಟಾಗ, ಮೊದಲ ಸಲ ದೋಣಿಯ ಕೀಲಿಯನ್ನು ಅಳಿಯನ ಅಂಗೈಗೆ ಹಾಕಿದ್ದರು. "ನಾನು ಬಂದಾಗ ದೋಣಿ ಹೇಗಿತ್ತೋ ಹಾಗೇ ಇದ್ರೆ ಕೀಲಿ ನಿನ್ನ ಹತ್ರಾನೇ ಇರ್ಲಿ. ಇಲ್ದಿದ್ರೆ ಲಂಗರು ಇದ್ದೇ ಇದೆಯಲ್ಲಪ್ಪ" ಎಂದಿದ್ದರು. ಅಂದಿನಿಂದ ಕರ್ಟಿಸ್ ಆ ಕೀಲಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದ. ಮಾವ ಬರುವುದು ಇವತ್ತೇ ಸಂಜೆ. ಕರೆತರಲು ಹೆಂಡತಿ ಟ್ರೂಡಿ ಹೋಗಿ ಆಗಿತ್ತು.

ಮೊದಲು ಓಡಿಬಂದವಳು ಮಾರ್ಲಿಸ್. ಮೆತ್ತೆಯ ಮೇಲಿನ ಚೌಕಾಕಾರದ ಗಾಯ ನೋಡಿ ಎರಡೂ ಕೈ ಕೆನ್ನೆಗೆ ಹೋದವು.

"ಅಯ್ಯೋ ಕಂದಾ, ನನ್ನ ಹಾಟ್‌ಡಿಶ್ಶಿಂದಾನೇ ಆಯ್ತಲ್ಲೋ! ಏನಾದ್ರೂ ಮಾಡ್ತೀನಿ, ಹೇಳು. ಕೈಕಟ್ಕೊಂಡು ಕೂತ್ರೆ ನನಗೆ ಊಟ ಸೇರಲ್ಲ."

ಅವಳ ಹಿಂದೆಯೇ ಬಂದವನು ಡೆಲ್ಬರ್ಟ್, ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಕೆರೆಯ ಸುತ್ತ ಅವನು ಮಾತಾಡದ ವಿದ್ಯೆ ಇರಲಿಲ್ಲ, ಅವನಿಗೆ ಬರುವ ವಿದ್ಯೆಯೂ ಇರಲಿಲ್ಲ.

"ಇಷ್ಟಕ್ಕೆಲ್ಲಾ ಅಳ್ತಾರೇನಯ್ಯಾ? ಹಳೇ ರೆಕ್ಸಿನ್ ಬಿಚ್ಚು, ಅದೇ ಅಳತೆಗೆ ಹೊಸದು ಕತ್ತರಿಸು, ಎಳೆದು ಪಿನ್ನು ಹೊಡಿ. ಹೊಲಿಗೆ ಕೂಡ ಇಲ್ಲ. ನಾನಿದೀನಿ ನಡಿ."

ಕರ್ಟಿಸ್, ಡೆಲ್ಬರ್ಟ್ ಇಬ್ಬರೂ ಮೆತ್ತೆಯನ್ನು ಕವುಚಿ ಸ್ಕ್ರೂಡ್ರೈವರಿನಿಂದ ಪಿನ್ನು ಕೀಳಲು ಕೂತರು. ಹಲಗೆಯಡಿ ಮಡಚಿದ್ದ ಅಂಚು ಬಿಚ್ಚಿಕೊಂಡಾಗ ಕರ್ಟಿಸ್ ಬೆರಗಾದ. ಹೊರಗೆಲ್ಲ ಹಳೇ ಬೆಣ್ಣೆಯ ಬಣ್ಣವಿದ್ದ ರೆಕ್ಸಿನ್ ಒಳಗೆ ಹಾಲಿನಂತೆ ಬೆಳ್ಳಗಿತ್ತು.

"ಡೆಲ್ಬರ್ಟ್, ಇದು ಬಿಳೀದಲ್ವಾ?"

"ಅಲ್ಲೇ ಎಲ್ರೂ ಎಡವೋದು!" ಡೆಲ್ಬರ್ಟ್ ಬೆರಳೆತ್ತಿದ. "ಅದು ಬಿಸಿಲು ಕಾಣದ ಜಾಗ ಮಾರಾಯ. ತಿಳೀದವರು ಒಳಗಿನ ಬಣ್ಣ ನೋಡಿ ಕೊಂಡ್ಕೊಂಡು ಬರ್ತಾರೆ. ಆಮೇಲೆ ಹಳೇ ಹಲ್ಲಿನ ಸಾಲಲ್ಲಿ ಕಟ್ಟಿಸಿದ ಹಲ್ಲು ಹೊಳೆದ ಹಾಗೆ ಹೊಳೀತಿರುತ್ತೆ. ನಾವು ಹೊಂದಿಸಬೇಕಾಗಿರೋದು ಹೊರಗಿನ ಬಣ್ಣಕ್ಕೆ."

ಮಾತು ಸರಿಯಾಗಿಯೇ ಇತ್ತು. ಡೆಲ್ಬರ್ಟ್ ಸರಿಯಾಗಿ ಮಾತಾಡಿದ್ದು ಅಪರೂಪವಾದ್ದರಿಂದ ಕರ್ಟಿಸ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಸುಟ್ಟ ರೆಕ್ಸಿನ್ನನ್ನು ಗಾಡಿಗೆ ಹಾಕಿ ಹೊರಡುವಾಗ ಮಾರ್ಲಿಸ್ ಮತ್ತೆ ಕಿಟಕಿಗೆ ಬಂದಳು.

"ನಾನೇನು ಮಾಡ್ಲೋ ಕಂದಾ?"

"ಅಯ್ಯೋ ನಮ್ಮಮ್ಮಾ, ಏನು ಬೇಕೋ ಅದನ್ನ ಮಾಡ್ಕೊಳ್ಳಿ! ನನ್ನ ಬಿಟ್ಬಿಡಿ!" ಎಂದು ಕರ್ಟಿಸ್ ಗಾಡಿ ಬಿಟ್ಟ.

ಮೊದಲ ಅಂಗಡಿಯಲ್ಲಿ ದೋಣಿಗೆಂದೇ ತಯಾರಾದ, ನೀರು ಬಿಸಿಲಿಗೆ ಜಗ್ಗದ ರೆಕ್ಸಿನ್ ಬೇಕಾದಷ್ಟಿತ್ತು. ಅಂಗಡಿಯವನು ಸುಟ್ಟ ತುಂಡನ್ನು ತಿರುವಿ, ಅಚ್ಚ ಬಿಳಿಯ ಸುರುಳಿಯೊಂದನ್ನು ಅದರ ಒಳಅಂಚಿಗೆ ಹಿಡಿದ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಇದೇ ನೋಡಿ ನಿಮ್ಮದು."

ಡೆಲ್ಬರ್ಟ್ ಮರುಕದಿಂದ ನಕ್ಕ. "ಹೊಸಬರಾ ತಾವು?"

ಎರಡನೆಯ ಅಂಗಡಿಯಲ್ಲಿ ಕೆನೆ ಬಣ್ಣವಿತ್ತು, ಆದರೆ ತೀರಾ ತಾಜಾ ಕೆನೆ. ಮೂರನೆಯದರಲ್ಲಿ ಮರಳಿನ ಬಣ್ಣ ಸಿಕ್ಕಿತು. ತುಂಡಿನ ಪಕ್ಕ ಇಟ್ಟರೆ ಗುಲಾಬಿಯಾಗಿ ಕಂಡಿತು. ಹೊರಗೆ ಬಿಸಿಲಿಗೆ ಒಯ್ದರೆ ಹಸಿರಾಯಿತು. ಅಷ್ಟರಲ್ಲಿ ಟ್ರೂಡಿಯ ಫೋನು ಬಂತು.

"ಕೇಳಿದ್ರಾ, ಅಪ್ಪನ ಕಣ್ಣು ಎಷ್ಟು ಚುರುಕಾಗಿದೆ ಅಂದ್ರೆ, ರಸ್ತೆ ಬೋರ್ಡನ್ನೆಲ್ಲ ನನಗಿಂತ ಮೊದ್ಲು ಓದಿ ಹೇಳ್ತಿದಾರೆ! ನನ್ನ ತಲೇಲಿ ಬಿಳಿ ಕೂದಲು ಬಂದಿರೋದನ್ನೂ ಕಂಡುಹಿಡಿದ್ರು."

ಕರ್ಟಿಸ್‌ಗೆ ಕಣ್ಣ ಮುಂದೆ ಲಂಗರು ಕಂಡಿತು. ಮಾವನ ಕಣ್ಣಿಗೆ ಪೊರೆ ಇದ್ದಿದ್ದರೆ ಒಂದು ಟವೆಲ್ ಹಾಸಿ ಬೇಸಿಗೆ ಕಳೆಯಬಹುದಿತ್ತು.

ಕೊನೆಗೆ ಊರಾಚೆ ದೋಣಿಗಳ ಸೀಟು ಹೊಲಿಯುವ ಗ್ವೆನ್ ಎಂಬ ಹೆಂಗಸಿನ ಶೆಡ್ಡಿಗೆ ಹೋದರು. ಅವಳು ಮಾದರಿ ತುಂಡುಗಳನ್ನೆಲ್ಲ ಹರಡಿ ಸೋತು, ಶೆಡ್ಡಿನ ಮೂಲೆಯಿಂದ ಧೂಳು ಹಿಡಿದ ಸುರುಳಿಯೊಂದನ್ನು ಎಳೆದಳು. ಬಿಚ್ಚಿ ತುಂಡಿನ ಪಕ್ಕದಲ್ಲಿ ಹಾಸಿದರೆ ಕಣ್ಣನ್ನೇ ನಂಬಲಾಗಲಿಲ್ಲ. ಅದೇ ಹಳೇ ಬೆಣ್ಣೆ. ಎಲ್ಲಿ ಇದು ಮುಗಿದು ಅದು ಶುರುವಾಗುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ.

"ತಪ್ಪಿ ಬಂದಿದ್ದು ಇದು. ಇಂಥ ಬಣ್ಣ ಕೇಳ್ಕೊಂಡು ಇವತ್ತಿನವರೆಗೂ ಒಬ್ರೂ ಬಂದಿಲ್ಲ" ಎಂದಳು ಗ್ವೆನ್. "ಒಂದು ಮಾತು ಮಾತ್ರ ಗ್ಯಾರಂಟಿ. ಬಿಸಿಲು, ಮಳೆ, ಸೋಪು ಏನೇ ಬೀಳ್ಲಿ, ಇದರ ಬಣ್ಣ ಜನ್ಮದಲ್ಲಿ ಬಿಡಲ್ಲ." ಅಷ್ಟು ಹೇಳಿ ಅವಳು ಸುಟ್ಟ ತುಂಡಿನ ಮೇಲೆ ಬೆರಳು ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. "ಅಲ್ಲಾ, ಇದನ್ನ ನೀವು ಯಾವತ್ತಾದ್ರೂ..."

"ಅಮ್ಮಾ ತಾಯೀ, ಹೊತ್ತಿಲ್ಲ, ಕತ್ತರಿಸಿ!" ಎಂದ ಕರ್ಟಿಸ್.

ಪಿನ್ನು ಹೊಡೆಯುವ ಯಂತ್ರವೂ ಅಲ್ಲೇ ಎರವಲು ಸಿಕ್ಕಿತು. ಮನೆಯ ಗ್ಯಾರೇಜಿನಲ್ಲಿ ಇಬ್ಬರೂ ಬೆವರಿಳಿಸಿ ದುಡಿದರು. ಟ್ರೂಡಿಯ ತಲೆ ಒಣಗಿಸುವ ಯಂತ್ರದಿಂದ ರೆಕ್ಸಿನ್ನನ್ನು ಬೆಚ್ಚಗೆ ಮಾಡಿ ಡೆಲ್ಬರ್ಟ್ ಎಳೆದ, ಕರ್ಟಿಸ್ ಪಿನ್ನು ಹೊಡೆದ. ಒಂದು ಪಿನ್ನು ಡೆಲ್ಬರ್ಟನ ಅಂಗಿಯ ತೋಳನ್ನೂ ಸೇರಿಸಿ ಹೊಡೆದುಬಿಟ್ಟಿತು. ತೋಳನ್ನು ಕತ್ತರಿಸಿ ಬಿಡಿಸಬೇಕಾಯಿತು. ಆದರೂ ಕೆಲಸ ಮುಗಿದಾಗ ಮೆತ್ತೆಯಲ್ಲಿ ಒಂದು ಸುಕ್ಕಿರಲಿಲ್ಲ. ಕರ್ಟಿಸ್‌ಗೆ ತನ್ನ ಕೈಗಳ ಮೇಲೇ ಪ್ರೀತಿ ಉಕ್ಕಿತು. ಹಳೆಯ ತುಂಡನ್ನು, ಸಾಕ್ಷಿ ಉಳಿಯಬಾರದೆಂದು, ಕಸದ ಡಬ್ಬಿಯ ತಳಕ್ಕೆ ತುರುಕಿದ.

ಮೆತ್ತೆಯನ್ನು ಹೊತ್ತು ದಂಡೆಯ ಕಡೆ ಇಳಿಯುವಾಗಲೇ ಮೇಲೆ ಟ್ರೂಡಿಯ ಕಾರು ನಿಂತ ಸದ್ದು ಕೇಳಿತು. ಓಡಿದ. ದೋಣಿಯ ಕಟ್ಟೆಯ ಮೇಲೆ ಮಾರ್ಲಿಸ್ ಮಂಡಿಯವರೆಗೆ ನೆನೆದು, ಬ್ರಷ್ಷು ಬಕೆಟ್ಟು ಹಿಡಿದು, ಮದುಮಗಳ ತಾಯಿಯಂತೆ ಬೀಗುತ್ತಾ ನಿಂತಿದ್ದಳು.

"ಏನು ಬೇಕೋ ಅದನ್ನ ಮಾಡಿ ಅಂದ್ಯಲ್ಲಾ ಕಂದಾ. ಬೆಳಿಗ್ಗೆಯಿಂದ ಉಜ್ಜಿದೀನಿ ನೋಡು!"

ಕರ್ಟಿಸ್ ನೋಡಿದ. ದೋಣಿಯ ಅಷ್ಟೂ ಸೀಟುಗಳು ಹಾಲಿನಂತೆ ಬೆಳ್ಳಗಿದ್ದವು. ಆರ್ವಿಡ್ ವರ್ಷಗಟ್ಟಲೆ ಮಂಜುಗಣ್ಣಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಶುದ್ಧವೆಂದು ನಂಬಿದ್ದ ಸೀಟುಗಳ ಮೇಲಿನ ಪೈನ್ ಮರದ ಧೂಳು, ಮೀನು ಮುಟ್ಟಿದ ಕೈಯ ಜಿಡ್ಡು, ಮೈಗೆ ಹಚ್ಚಿದ ಎಣ್ಣೆ, ಬೂಷ್ಟು ಎಲ್ಲವೂ ಬಕೆಟ್ಟಿನ ನೀರಿನಲ್ಲಿ ತೇಲುತ್ತಿತ್ತು. ಬಕೆಟ್ಟಿನ ನೀರು ಮಾತ್ರ ಅವನ ಕೈಯಲ್ಲಿದ್ದ ಮೆತ್ತೆಗೆ ಸರಿಯಾಗಿ ಹೊಂದುತ್ತಿತ್ತು.

ಡೆಲ್ಬರ್ಟ್ ಹರಿದ ತೋಳಿನಿಂದ ಬಾಯಿ ಮುಚ್ಚಿಕೊಂಡ. "ಒಳಗಿನ ಬಣ್ಣಕ್ಕೇ ಹೊಂದಿಸ್ಬೇಕಿತ್ತು ನೋಡು" ಎಂದು ಗೊಣಗಿದ.

ಮಾವ ಬಂದೇಬಿಟ್ಟರು. ಮೆತ್ತೆಯನ್ನು ಅದರ ಜಾಗದಲ್ಲಿ ಕೂರಿಸುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಆರ್ವಿಡ್ ಕಟ್ಟೆಯ ಮೇಲೆ ನಿಂತು, ಹೊಸ ಕಣ್ಣುಗಳನ್ನು ಅಗಲಿಸಿ, ದೋಣಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಅಬ್ಬಾ! ನನ್ನ ದೋಣಿ ಇಷ್ಟು ಬೆಳ್ಳಗಿತ್ತೇನೋ!" ಅವರು ಬಗ್ಗಿ ಹತ್ತಿರದ ಸೀಟನ್ನು ಸವರಿದರು. ನೋಟ ಸರಿದು ಸರಿದು ಒಂದು ಕಡೆ ನಿಂತಿತು. "ಅದೊಂದು ಯಾಕೆ ಹಾಗೆ?"

"ಅದು ಇಲ್ಲಿರ್ಲಿಲ್ಲ ಆರ್ವಿಡ್, ಇವನೇ ಎಲ್ಲಿಗೋ ತಗೊಂಡು ಹೋಗಿದ್ದ" ಎಂದಳು ಮಾರ್ಲಿಸ್ ಪ್ರಾಮಾಣಿಕವಾಗಿ. ಹಾಟ್‌ಡಿಶ್ಶಿನ ಮಾತು ಅವಳ ತುಟಿಯವರೆಗೆ ಬಂದದ್ದನ್ನು ಕಂಡು ಕರ್ಟಿಸ್ ಕಣ್ಣಲ್ಲೇ ಕೈಮುಗಿದ.

"ಹಂಗಾದ್ರೆ ವಯಸ್ಸಾದ ಹೆಂಗಸು ಇಡೀ ದೋಣಿ ತೊಳೆದ್ಳು, ನಿನ್ನ ಪಾಲಿಗೆ ಬಂದಿದ್ದು ಒಂದೇ ಒಂದು ಮೆತ್ತೆ, ಅದನ್ನೂ ಹಾಗೇ ತಂದಿಟ್ಟೆ. ಅಲ್ವೇನಪ್ಪಾ?" ಆರ್ವಿಡ್ ಕೈ ಚಾಚಿದರು. ಕರ್ಟಿಸ್ ಕೀಲಿಯನ್ನು ಅವರ ಅಂಗೈಯಲ್ಲಿಟ್ಟ. "ಇದು ನನ್ನ ಜೇಬಲ್ಲಿರುತ್ತೆ. ಆ ಕೊಳೆ ಹೋದ ದಿನ ಬಂದು ಕೇಳು."

ಸುಟ್ಟದ್ದೆಂದು ಹೇಳಿದರೂ ಕೀಲಿ ಹೋಗುತ್ತಿತ್ತು, ಕೊಳೆಯೆಂದು ಒಪ್ಪಿಕೊಂಡರೂ ಹೋಯಿತು. ಅಳಿಯ ಅಲ್ಲ, ಮಗಳ ಗಂಡ. ಕರ್ಟಿಸ್ ಮಾರ್ಲಿಸ್‌ಳ ಬ್ರಷ್ಷು ಇಸಿದುಕೊಂಡು ಮಂಡಿಯೂರಿ ಹೊಚ್ಚ ಹೊಸ ರೆಕ್ಸಿನ್ನನ್ನು ಉಜ್ಜತೊಡಗಿದ. ಮಾವ ಕುರ್ಚಿ ತರಿಸಿಕೊಂಡು ಎದುರಿಗೇ ಕೂತರು. ಮಾರ್ಲಿಸ್ ಅಡುಗೆ ಸೋಡಾ ಹಾಕು ಎಂದಳು, ಡೆಲ್ಬರ್ಟ್ ವಿನೆಗರ್ ಎಂದ, ಟ್ರೂಡಿ "ಸ್ವಲ್ಪ ಜೋರಾಗಿ ಉಜ್ರೀ" ಎಂದಳು.

ಬಣ್ಣ ಒಂದಿಷ್ಟೂ ಬಿಡಲಿಲ್ಲ. ಗ್ವೆನ್ ಗ್ಯಾರಂಟಿ ಕೊಟ್ಟಿದ್ದಳು.